ಹುಡುಗಿ ಹೌದೋ ಅಲ್ವೋ ಅಂತ ಮೈದಾನದಲ್ಲೇ ಕೇಳಿದರು

ಹೋದ ವರ್ಷದ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಕೊಪ್ಪಳ ಜಿಲ್ಲೆಯ ಒಂದು ಮಣ್ಣಿನ ಮೈದಾನ, ಸುಣ್ಣದ ಗೆರೆ, ನೆತ್ತಿ ಸುಡುವ ಬಿಸಿಲು. 800 ಮೀಟರ್ ಓಟದಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿ ಹುಡುಗಿ ಬರಿಗಾಲಲ್ಲಿ ಓಡಿ ಗೆದ್ದಳು. ರಜೆಯಲ್ಲಿ ಭತ್ತದ ನಾಟಿಗೆ ಹೋಗುವ ಹುಡುಗಿ. ಗಟ್ಟಿ ತೋಳು, ಸ್ವಲ್ಪ ದಪ್ಪ ದನಿ, ಗಿಡ್ಡ ಕೂದಲು. ಓಟ ಮುಗಿದು ಅವಳಿನ್ನೂ ಏದುಸಿರು ಬಿಡುತ್ತಿದ್ದಾಗಲೇ ಇನ್ನೊಂದು ಮಗುವಿನ ತಂದೆ ಜೋರಾಗಿ ಕೂಗಿದರು: "ಇದು ಹುಡುಗಿನೋ ಹುಡುಗನೋ, ಮೊದಲು ಚೆಕ್ ಮಾಡಸ್ರೀ!"

ಸುತ್ತ ನಿಂತವರು ನಕ್ಕರು. ಅವಳು ತಲೆ ತಗ್ಗಿಸಿದಳು. ಪಿಟಿ ಟೀಚರ್ ಆಗಿ ಇಷ್ಟು ವರ್ಷ ಆಯಿತು, ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

"ಗಂಡುಬೀರಿ" ಅನ್ನೋ ಮಾತು ನಮ್ಮ ಕಡೆ ಹೊಸದಲ್ಲ. ಆದರೆ ಈಗ ಅದೇ ಮಾತಿಗೆ ಟಿವಿ, ಮೊಬೈಲಿನಲ್ಲಿ ಕೇಳಿದ "ಹಾರ್ಮೋನ್ ಟೆಸ್ಟ್" ಸೇರಿಕೊಂಡಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟೆಸ್ಟೋಸ್ಟಿರಾನ್ ಅನ್ನೋ ಹಾರ್ಮೋನ್ ಹೆಣ್ಣುಮಕ್ಕಳ ಮೈಯಲ್ಲೂ ಇರುತ್ತದೆ, ಗಂಡಸರಿಗಿಂತ ಬಹಳ ಕಡಿಮೆ. ಅದು ಮಾಂಸಖಂಡ ಬೆಳೆಸುತ್ತದೆ, ಹಿಮೋಗ್ಲೋಬಿನ್ ಹೆಚ್ಚಿಸುತ್ತದೆ. ಕೆಲವು ಹುಡುಗಿಯರಿಗೆ ಹುಟ್ಟಿನಿಂದಲೇ ಅದು ಜಾಸ್ತಿ. ಅವರು ಔಷಧ ತಗೊಂಡವರಲ್ಲ, ಮೋಸ ಮಾಡಿದವರಲ್ಲ. ಹುಲಿಗಿ ಜಾತ್ರೆಗೆ ಬರುವ ಜೋಗಪ್ಪಂದಿರ ಜೊತೆ ಇವರನ್ನು ಸೇರಿಸಿ ಮಾತಾಡುವವರಿದ್ದಾರೆ. ಎರಡೂ ಬೇರೆ ವಿಷಯ, ಎರಡಕ್ಕೂ ಮರ್ಯಾದೆ ಬೇಕು.

2011ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ, ಮಹಿಳಾ ವಿಭಾಗದಲ್ಲಿ ಓಡಬೇಕಾದರೆ ಟೆಸ್ಟೋಸ್ಟಿರಾನ್ ಲೀಟರ್ ರಕ್ತಕ್ಕೆ 10 ನ್ಯಾನೊಮೋಲ್ (ತೀರಾ ಸಣ್ಣ ಅಳತೆ)ಗಿಂತ ಕಡಿಮೆ ಇರಬೇಕು ಅಂತ ಗೆರೆ ಹಾಕಿತು. 2018ರಲ್ಲಿ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಅದನ್ನು 5ಕ್ಕೆ ಇಳಿಸಿತು. 2023ರಲ್ಲಿ ಎಲ್ಲ ಸ್ಪರ್ಧೆಗಳಿಗೂ 2.5, ಅದೂ ಎರಡು ವರ್ಷ ಅದಕ್ಕಿಂತ ಕೆಳಗೇ ಇರಬೇಕು ಅಂದಿತು. 2025ರಿಂದ ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಅನ್ನೋ, ಸಾಮಾನ್ಯವಾಗಿ ಗಂಡಿನ ಬೆಳವಣಿಗೆ ಶುರುಮಾಡುವ ವಂಶವಾಹಿಯ ಪರೀಕ್ಷೆ ಬಂದಿದೆ. ಹುಡುಗಿಯ ಮೈ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಗೆರೆ ಮಾತ್ರ ಜಾಗ ಬದಲಿಸುತ್ತಾ ಬಂತು.

ಈ ಗೆರೆಯಿಂದ, ಅದಕ್ಕೂ ಮುಂಚಿನ ಇಂಥ ಪರೀಕ್ಷೆಗಳಿಂದ ಹೊರಗೆ ನಿಂತವರು ಯಾರು ನೋಡಿ. ತಮಿಳುನಾಡಿನ ಶಾಂತಿ ಸೌಂದರರಾಜನ್, ಇಟ್ಟಿಗೆ ಭಟ್ಟಿ ಕೂಲಿಯವರ ಮಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್‌ನ ಬೆಳ್ಳಿ ಗೆದ್ದರು. ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಸುದ್ದಿ ಟಿವಿಗೆ ಬಂತು, ಊರಿಗೆಲ್ಲ ಗೊತ್ತಾಯಿತು. ಮುಂದೆ ಅವರೂ ಇಟ್ಟಿಗೆ ಭಟ್ಟಿಯಲ್ಲಿ ಕೂಲಿ ಮಾಡಬೇಕಾಯಿತು. ಇದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಕಿವುಚುತ್ತದೆ. ಒಡಿಶಾದ ನೇಕಾರರ ಮಗಳು ದ್ಯುತಿ ಚಾಂದ್ ಅವರನ್ನು 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಕೊನೇ ಗಳಿಗೆಯಲ್ಲಿ ತೆಗೆದರು. ಅವರು ಸುಮ್ನೆ ಕೂರಲಿಲ್ಲ. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದರು, 2015ರಲ್ಲಿ 2011ರ ಆ ನಿಯಮವನ್ನೇ ತಡೆಹಿಡಿಸಿದರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು.

ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ 2009ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ 18 ವರ್ಷ. ಓಡಲಿಕ್ಕಾಗಿ ಕೆಲವು ವರ್ಷ ಹಾರ್ಮೋನ್ ಇಳಿಸುವ ಮಾತ್ರೆ ನುಂಗಿದರು. ಆಮೇಲೆ ಇನ್ನು ನುಂಗಲ್ಲ ಎಂದರು. 2019ರಲ್ಲಿ ಅದೇ ನ್ಯಾಯಮಂಡಳಿ, 2018ರ ನಿಯಮ ತಾರತಮ್ಯವೇ ಹೌದು, ಆದರೂ ಅಗತ್ಯ ಎಂದಿತು. ಮೂವರಲ್ಲಿ ಇಬ್ಬರ ತೀರ್ಪು ಅದು.

ಪಕ್ಕದ ಲೇನಿನಲ್ಲಿ ಓಡುವ ಹುಡುಗಿಗೂ ನ್ಯಾಯ ಬೇಕಲ್ವಾ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಬೇಕು. ಆ ಹುಡುಗಿಯರಿಗೂ ನಾನೇ ಟೀಚರ್. ಹೆಣ್ಣುಮಕ್ಕಳಿಗೆ ಬೇರೆ ವಿಭಾಗ ಇರಲೇಬೇಕು, ಇಲ್ಲದಿದ್ದರೆ ಅವರಿಗೆ ಪದಕವೇ ಸಿಗುವುದಿಲ್ಲ. ಹಾಗಾಗಿ ಗೆರೆ ಬೇಡವೇ ಬೇಡ ಅಂತ ನಾನು ಹೇಳಲಾರೆ. ಆದರೆ ಆರೋಗ್ಯವಾಗಿರುವ ಹುಡುಗಿಗೆ ಓಡಬೇಕಾದರೆ ಮಾತ್ರೆ ನುಂಗು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮಾಡುವುದಾದರೆ ಮೊದಲು ಅವಳಿಗೆ ಅವಳ ಭಾಷೆಯಲ್ಲಿ ತಿಳಿಸಿ ಹೇಳಬೇಕು. ಫಲಿತಾಂಶ ಅವಳಿಗೂ ವೈದ್ಯರಿಗೂ ಬಿಟ್ಟು ಮೂರನೆಯವರ ಕಿವಿಗೆ ಬೀಳಬಾರದು. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ 1985ರಲ್ಲಿ ಹೆಣ್ಣು ಹೌದೋ ಅಲ್ವೋ ಅಂತ ನೋಡುವ ವರ್ಣತಂತು ಪರೀಕ್ಷೆಯಲ್ಲಿ ಸೋತರು. ಟೆಸ್ಟೋಸ್ಟಿರಾನ್ ಇದ್ದರೂ ಅವರ ಮೈ ಅದನ್ನು ಬಳಸಿಕೊಳ್ಳುತ್ತಲೇ ಇರಲಿಲ್ಲ. 1988ರಲ್ಲಿ ತಪ್ಪು ಸರಿಮಾಡಿದರು. ಅಷ್ಟರಲ್ಲಿ ವಿಷಯ ಪತ್ರಿಕೆಗೆ ಬಂದು ಮದುವೆಯಾಗಬೇಕಿದ್ದವನೂ ದೂರವಾಗಿದ್ದ.

ಇನ್ನು ಶಾಲೆ ಮಕ್ಕಳ ಮೈದಾನದಲ್ಲಿ ಈ ಮಾತಿಗೆ ಜಾಗವೇ ಇಲ್ಲ. ಹಾಗೆ ಕೂಗಿದವರನ್ನು ಆ ಕ್ಷಣವೇ ಹೊರಗೆ ಕಳಿಸಬೇಕು. ಅವತ್ತು ನಾನು ಕೇಳಿಕೊಂಡೆ, ಯಾರೂ ಕಳಿಸಲಿಲ್ಲ.

ಆಮೇಲೆ ಅವಳು ಅಭ್ಯಾಸಕ್ಕೆ ಬರಲಿಲ್ಲ. "ಟೀಚರ್, ನಾ ಇನ್ನ ಓಡಂಗಿಲ್ರೀ" ಅಂದಳು. ಮನೆಗೆ ಹೋದರೆ ಅವರವ್ವ ಕಟ್ಟೆ ಮೇಲೆ ಕೂಡಿಸಿ ಚಹಾ ಕೊಟ್ಟು ಮೆಲ್ಲಗೆ ಕೇಳಿದರು: "ಆಕಿಗೆ ಏನಾರ ಆಗೇತೇನ್ರೀ?" ಏನೂ ಆಗಿಲ್ಲ, ನಿಮ್ಮ ಮಗಳು ಚೆನ್ನಾಗಿ ಓಡುತ್ತಾಳೆ, ಅಷ್ಟೇ ಅಂದೆ. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹೊರಡುವಾಗ, ಶೂ ಕೊಡಿಸ್ತೀನಿ ಅಂದಿದ್ರಲ್ರೀ ಅಂತ ಕೇಳಿದಳು. ಭಾನುವಾರ ಗಂಗಾವತಿಗೆ ಹೋಗಿ ತರಬೇಕು. ಅವಳ ಅಳತೆ ಐದು.