ಯಜಮಾನ್ರು ಇದಾರಾ?

ಶೀಟ್ ಹಾಕುವವನನ್ನು ಕರೆಸಿದ್ದು ನಾನು. ಅವನ ನಂಬರು ಹುಡುಕಿದ್ದು ನಾನು, ಮೂರು ದಿನ ಬೆನ್ನು ಬಿಡದೆ ಫೋನ್ ಮಾಡಿದ್ದು ನಾನು. ತಾರಸಿ ಹತ್ತಿ ಟೇಪು ಹಿಡಿದು, 28 ಅಡಿಗೆ 34 ಅಡಿ ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟದ್ದೂ ನಾನೇ. ಶಿವಮೊಗ್ಗದಲ್ಲಿ ತಾರಸಿ ಮನೆ ಕಟ್ಟಿಸಿದವರು ಎರಡು ಮಳೆಗಾಲ ನೋಡಿ, ಮೂರನೆಯದಕ್ಕೆ ಮೇಲೊಂದು ತಗಡಿನ ಮಾಡು ಹಾಕಿಸುತ್ತಾರೆ. ನಾವು ಹನ್ನೊಂದು ಮಳೆಗಾಲ ತಡೆದುಕೊಂಡೆವು. ಈ ವರ್ಷ ದೇವರ ಮನೆಯಲ್ಲೇ ತೊಟ್ಟಿಕ್ಕಲು ಶುರುವಾಯಿತು. ಗಣಪತಿಗೆ ದಿನವಿಡೀ ಅಭಿಷೇಕ.

ಬಂದ. ಬೈಕು ನಿಲ್ಲಿಸಿದ. ರೇನ್‌ಕೋಟಿನ ಟೋಪಿ ಹಿಂದಕ್ಕೆ ಸರಿಸಿ ನನ್ನನ್ನು ನೋಡಿದ. ಆಮೇಲೆ ನನ್ನ ಭುಜದ ಮೇಲಿಂದ ಒಳಗಡೆ ಇಣುಕಿದ.

"ಯಜಮಾನ್ರು ಇದಾರಾ?"

"ನಾನೇ ಫೋನ್ ಮಾಡಿದ್ದು. ಹೇಳಿ."

"ಅಲ್ಲ ಮೇಡಂ, ಮನೆ ಯಜಮಾನ್ರು..."

"ನಾನೇ."

ಸರಿಯಾಗಿ ಆಗಲೇ ಗುಡುಗಿತು. ಜೂನ್ ತಿಂಗಳು, ಗುಡುಗದೆ ಏನು ಮಾಡುತ್ತೆ. ಆದರೆ ಒಳಗೆ ಅತ್ತೆಯ ಟಿವಿಯಲ್ಲಿ ಧಾರಾವಾಹಿ ಬೇರೆ ಓಡುತ್ತಿತ್ತು ನೋಡಿ, ನನಗೇ ಒಂದು ಗಳಿಗೆ ಗಲಿಬಿಲಿಯಾಯಿತು. ಧಾರಾವಾಹಿಯಲ್ಲಿ ತನ್ನ ತೀರ್ಮಾನ ತಾನೇ ಮಾಡುವ ಹೆಂಗಸಿಗೆ ದಪ್ಪ ಕಾಡಿಗೆ, ಅಗಲ ಬೊಟ್ಟು, ಹಿಂದಿನಿಂದ ಗುಡುಗು ಕಡ್ಡಾಯ. ಒಳ್ಳೆಯವಳಾದರೆ ಕಂಪನಿ ನಡೆಸಿದರೂ ಸಹಿ ಹಾಕುವ ಮುಂಚೆ ಒಮ್ಮೆ ಗಂಡನ ಮುಖ ನೋಡುತ್ತಾಳೆ. ಆಗ ಕೊಳಲು. ನನ್ನ ಪಾಲಿಗೆ ಗುಡುಗೇ ಬಂತು.

ಯಜಮಾನರು ಮನೆಯಲ್ಲೇ ಇದ್ದರು. ಅಡುಗೆಮನೆಯಲ್ಲಿ ಪೇಪರು ಹಾಸಿಕೊಂಡು, ಎರಡೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಲಸಿನಹಣ್ಣು ಬಿಡಿಸುತ್ತಾ ಕೂತಿದ್ದರು. "ಯಾರೇ ಅದು?" ಎಂದು ಅಲ್ಲಿಂದಲೇ ಕೂಗಿದರು. ಗಂಡಸಿನ ಗಂಟಲು ಕೇಳಿದ್ದೇ ತಡ, ಶೀಟಿನವನ ಮುಖ ಅರಳಿತು. ಚಪ್ಪಲಿ ಬಿಟ್ಟು ನನ್ನನ್ನು ಬಳಸಿಕೊಂಡು ಸೀದಾ ಅಡುಗೆಮನೆ ಬಾಗಿಲಿಗೆ ಹೋದ.

"ಸರ್, ಎಷ್ಟಡಿ ಬರುತ್ತೆ?"

ಸರ್ ನನ್ನ ಕಡೆ ತಿರುಗಿ, "ಎಷ್ಟಡಿ ಇತ್ತೇ?"

"28, 34."

"28, 34 ಅಂತೆ."

"ಪೈಪು ಹೆವಿ ಗೇಜಿಂದೇ ಹಾಕ್ಲಾ ಸರ್?"

"ಪೈಪು ಯಾವ್ದು ಹಾಕ್ಸೋದೇ?"

ಹೀಗೆ ಕಾಲು ಗಂಟೆ ನಡೆಯಿತು. ಅವನಿಗೆ ಕನ್ನಡ ಬರುತ್ತದೆ, ನನಗೂ ಬರುತ್ತದೆ. ಮಧ್ಯೆ ಒಬ್ಬರು ದುಭಾಷಿ, ಅವರ ಕೈ ತುಂಬ ಹಲಸಿನ ಮೇಣ. ಹೊರಡುವಾಗ ಶೀಟಿನವ ಎರಡು ತೊಳೆ ಬಾಯಿಗೆ ಹಾಕಿಕೊಂಡು, ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದ. "ಸರ್ ಅಡುಗೆಮನೆ ಕೆಲಸಾನೂ ಮಾಡ್ತಾರಲ್ಲ! ಪುಣ್ಯ ಮಾಡಿದೀರಿ ಮೇಡಂ."

ಈ 'ಪುಣ್ಯ ಮಾಡಿದೀರಿ' ಕೇಳಿದಾಗೆಲ್ಲ ನನಗೆ ನಮ್ಮ ದೊಡ್ಡಪ್ಪನ ಹುಳಿ ನೆನಪಾಗುತ್ತದೆ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ, ಬೇಸರ ಮಾಡ್ಕೋಬೇಡಿ.

ದೊಡ್ಡಪ್ಪನದು ಸಾಗರದ ಕಡೆ ಒಂದು ಊರು. ಊರು ಅಂದರೆ ನಾಲ್ಕೇ ಮನೆ, ನಡುವೆ ಅಡಿಕೆ ತೋಟ. ಕಾಂಟ್ರಾಕ್ಟ್ ಅಡುಗೆಯವರು ಇನ್ನೂ ಬಂದಿರದ ಕಾಲ ಅದು. ಸುತ್ತ ಎಲ್ಲಿ ಮದುವೆ, ಉಪನಯನ ಅಂದರೂ ಹಿಂದಿನ ದಿನವೇ ದೊಡ್ಡಪ್ಪನಿಗೆ ಕರೆ. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಪಾಣಿಪಂಚೆ ಹಾಕಿ ಹಿತ್ತಿಲಿನ ಒಲೆ ಮುಂದೆ ನಿಂತನೆಂದರೆ ಆರುನೂರು ಎಲೆಗೆ ಉಪ್ಪು ಹೆಚ್ಚಿಲ್ಲ, ಹುಳಿ ಕಡಿಮೆಯಿಲ್ಲ. ಬಡಿಸಲೂ ಅವನೇ ಮುಂದು. ನಮ್ಮ ಕಡೆ ದೊಡ್ಡ ಊಟದಲ್ಲಿ ಬೇಯಿಸುವುದು ಗಂಡಸರು, ಬಡಿಸುವುದೂ ಗಂಡಸರು. ನೂರು ಜನ ದಾಟಿದರೆ ಅಡುಗೆ ಗಂಡಸಿನ ಕೆಲಸ, ಹತ್ತರೊಳಗಿದ್ದರೆ ಹೆಂಗಸಿನದು. ಈ ಗೆರೆ ಎಲ್ಲಿ ಹಾಕಿದ್ದಾರೋ ಗೊತ್ತಿಲ್ಲ, ಅಂದಾಜು ಮೂವತ್ತು ಎಲೆಯ ಹತ್ತಿರ ಇರಬೇಕು.

ಮನೆಯಲ್ಲಿ ಅದೇ ದೊಡ್ಡಪ್ಪ ಜಗಲಿಯಲ್ಲಿ ಕೂತು, ಕೈಯಳತೆಯಲ್ಲಿ ತಂಬಿಗೆ ಇದ್ದರೂ "ಇವಳೇ, ನೀರು" ಎನ್ನುತ್ತಿದ್ದ. ದೊಡ್ಡಮ್ಮ ಬಂದು ಲೋಟಕ್ಕೆ ಬಗ್ಗಿಸಿ ಕೊಟ್ಟು ಹೋಗುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮ ತವರಿನವರ ಜೊತೆ ಕಾಶಿಗೆ ಹೊರಟಳು. ಹದಿನಾಲ್ಕು ದಿನ. ತೋಟ ಬಿಟ್ಟು ಬರಲಾಗದು ಎಂದು ದೊಡ್ಡಪ್ಪ ಉಳಿದ. ಮೊದಲ ಎರಡು ದಿನ ಪಕ್ಕದ ಮನೆಯ ಊಟ. ಮೂರನೇ ದಿನ ಮರ್ಯಾದೆ ಅಡ್ಡ ಬಂತು. ಅವಲಕ್ಕಿ ಮೊಸರು, ಅವಲಕ್ಕಿ ಬೆಲ್ಲ, ಮತ್ತೆ ಅವಲಕ್ಕಿ ಮೊಸರು. ಐದನೇ ದಿನ ನಾಲಿಗೆ ಕೇಳಲಿಲ್ಲ. ಹುಳಿ ಮಾಡುವುದೆಂದು ತೀರ್ಮಾನಿಸಿದ.

ಆದರೆ ಒಬ್ಬನಿಗೆ ಹುಳಿ ಮಾಡುವುದು ಹೇಗೆ? ಅವನ ಲೆಕ್ಕ ಶುರುವಾಗುವುದೇ ನೂರು ಎಲೆಯಿಂದ. ನೂರು ಎಲೆಗೆ ಇಷ್ಟು ಬೇಳೆ, ಇಷ್ಟು ಕಾಯಿ, ಇಷ್ಟು ಮೆಣಸು. ಅದನ್ನು ನೂರರಿಂದ ಭಾಗಿಸುತ್ತಾ ಹೋದರೆ ಮೆಣಸಿನಕಾಯಿಯ ತೊಟ್ಟು, ಇಂಗಿನ ವಾಸನೆ, ಸಾಸಿವೆ ಕಾಳಿನ ಅರ್ಧ. "ಇದು ಹುಳಿ ಅಲ್ಲ ಮಾರಾಯ್ತಿ, ಹೋಮಿಯೋಪತಿ" ಎಂದು ನನ್ನ ಅಮ್ಮನ ಹತ್ತಿರ ಬಂದು ದೂರಿದನಂತೆ. ಕೊನೆಗೆ ಅಟ್ಟ ಹತ್ತಿ ದೊಡ್ಡ ಕಡಾಯಿ ಇಳಿಸಿದ. ನಲವತ್ತು ಜನಕ್ಕಿಂತ ಕಡಿಮೆಗೆ ಅವನ ಕೈ ಬಗ್ಗಲಿಲ್ಲ. ನಾಲ್ಕೂ ಮನೆಗೆ, ತೋಟದ ಕೆಲಸದವರಿಗೆ, ಆ ದಾರಿಯಲ್ಲಿ ಬಂದ ಪೋಸ್ಟಿನವನಿಗೆ ಎಲ್ಲ ಊಟಕ್ಕೆ ಕರೆ. ಸೌತೆಕಾಯಿ ಹುಳಿ, ಅಪ್ಪೆಹುಳಿ, ಒಂದು ಪಲ್ಯ, ಕಡಲೆಬೇಳೆ ಪಾಯಸ. ಯಾವ ಹಬ್ಬವೂ ಅಲ್ಲ, ಬುಧವಾರ.

ನಾನೂ ಉಂಡೆ. ಹುಳಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆಮೇಲಿನ ಒಂಬತ್ತು ದಿನ ಉಂಡವರ ಮನೆಗೆಲ್ಲ ಸರದಿ ಮೇಲೆ ಹೋಗಿ ದೊಡ್ಡಪ್ಪ ಊಟದ ಸಾಲ ವಸೂಲಿ ಮಾಡಿದ. ಈಗಲೂ ನಮ್ಮ ನೆಂಟರಲ್ಲಿ ಯಾರಾದರೂ ನಾಲ್ಕು ಜನ ಸೇರಿದರೆ ಆ ಊಟದ ಮಾತು ಬರುತ್ತದೆ. ಹೆಂಡತಿ ಇಲ್ಲದಾಗಲೂ ಊರಿಗೆ ಊಟ ಹಾಕಿದ ಪುಣ್ಯಾತ್ಮ ಅಂತೆ. ಆವತ್ತು ಬೆಳಗಿನಿಂದ ಕೂತು ಹನ್ನೆರಡು ಕಾಯಿ ತುರಿದದ್ದು ನನ್ನ ಅಮ್ಮ. ರುಬ್ಬಿದ್ದು ಪಕ್ಕದ ಮನೆಯ ಇಬ್ಬರು. ಕಥೆಯಲ್ಲಿ ಅವರು ಬರುವುದಿಲ್ಲ. ದೊಡ್ಡಮ್ಮ ನಲವತ್ತು ವರ್ಷ ದಿನಕ್ಕೆ ಮೂರು ಹೊತ್ತು ಮಾಡಿದ ಅಡುಗೆಯ ಬಗ್ಗೆ ನಾನು ಕೇಳಿದ ಒಂದೇ ಕಥೆ ಎಂದರೆ, ಒಮ್ಮೆ ಸಾರಿಗೆ ಉಪ್ಪು ಹಾಕಲು ಮರೆತದ್ದು.

ಕಡಾಯಿಯ ವಿಷಯ ಬಿಟ್ಟೆ. ಹದಿನಾಲ್ಕನೇ ದಿನ ದೊಡ್ಡಮ್ಮ ಗಂಗೆಯ ಥಾಲಿ ಹಿಡಿದುಕೊಂಡು ಬಂದು ಕಾಲು ತೊಳೆಯಲು ಬಚ್ಚಲಿಗೆ ಹೋದರೆ, ಅಲ್ಲಿ ಅದು ಕೂತಿತ್ತು. ತುಂಬ ನೀರು, ಮೇಲೊಂದು ಬಿಳಿ ಪೊರೆ. "ನೆನೆಹಾಕಿದೀನಿ, ನಿಂಗೆ ತಿಕ್ಕೋಕೆ ಸುಲಭ ಆಗ್ಲಿ ಅಂತ" ಎಂದ ದೊಡ್ಡಪ್ಪ, ಹೆಮ್ಮೆಯಿಂದ. ಒಂಬತ್ತು ದಿನ ನೆನೆದ ಕಡಾಯಿ. ಕಾಶಿಯ ಗಂಗೆಯಲ್ಲಿ ಮುಳುಗೆದ್ದು ಬಂದವಳು ಬೂದಿ, ತೆಂಗಿನ ನಾರು ತಗೊಂಡು ಬಚ್ಚಲಲ್ಲಿ ಕೂತಳು. ಏನೂ ಹೇಳಲಿಲ್ಲ. ನನಗೆ ಸಿಟ್ಟು ಬರುವುದು ಆ ಕಡಾಯಿ ಮೇಲೂ ಅಲ್ಲ, ದೊಡ್ಡಪ್ಪನ ಮೇಲೂ ಅಲ್ಲ. ಆ 'ಸುಲಭ ಆಗ್ಲಿ ಅಂತ' ಇದೆಯಲ್ಲ, ಅದರ ಮೇಲೆ.

ಕೇಂದ್ರ ಸರ್ಕಾರದವರು 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಒಮ್ಮೆಯಾದರೂ ಕೈ ಹಾಕಿದ ಹೆಂಗಸರು ನೂರಕ್ಕೆ 81, ಗಂಡಸರು 26. ಹಾಗೆ ಕೈ ಹಾಕಿದವರಲ್ಲೂ ಹೆಂಗಸರಿಗೆ ಸರಾಸರಿ 299 ನಿಮಿಷ, ಗಂಡಸರಿಗೆ 97. ನಮ್ಮನೆಯವರು ಆ 26ರೊಳಗೆ ಬರುತ್ತಾರೆ, ಒಪ್ಪಿದೆ. ಹಲಸಿನಹಣ್ಣಿಗೆ ಸರಿಯಾಗಿ 97 ನಿಮಿಷವೇ ಹಿಡಿದಿರಬೇಕು. ಆದರೆ ಮೇಣ ಮೆತ್ತಿದ ಚಾಕು ಸಿಂಕಿನಲ್ಲಿದೆ. ನೆನೆಯುತ್ತಿದೆ.

ಇರಲಿ, 'ಯಜಮಾನ' ಎಂಬ ಮಾತಿಗೆ ಬರೋಣ. ಯಜ್ಞ ಮಾಡಿಸುವವನು ಯಜಮಾನ. ಪಕ್ಕದಲ್ಲಿ ಪತ್ನಿ ಇಲ್ಲದಿದ್ದರೆ ಅವನಿಗೆ ಯಜ್ಞಕ್ಕೆ ಕೂರುವ ಹಾಗಿಲ್ಲ. 'ಪತ್ನಿ' ಎಂಬ ಶಬ್ದ ಆಗುವುದೇ ಯಜ್ಞದಲ್ಲಿ ಜೊತೆಗಿದ್ದರೆ ಎಂದು ಸಂಸ್ಕೃತಕ್ಕೆ ವ್ಯಾಕರಣ ಬರೆದ ಪಾಣಿನಿ ಒಂದು ಸೂತ್ರವನ್ನೇ ಮಾಡಿಟ್ಟಿದ್ದಾನೆ. ಕೇಳಲು ಎಷ್ಟು ಚಂದ! ಆದರೆ ರಾಮ ಅಶ್ವಮೇಧಕ್ಕೆ ಕೂತಾಗ ಪಕ್ಕದಲ್ಲಿದ್ದದ್ದು ಬಂಗಾರದ ಸೀತೆ. ಅಂದರೆ ಹೆಂಡತಿ ಇರಲೇಬೇಕು, ಆದರೆ ಮಾತಾಡದಿದ್ದರೂ ನಡೆಯುತ್ತದೆ. ನಮ್ಮನೆ ಸತ್ಯನಾರಾಯಣ ಪೂಜೆಯಲ್ಲೂ ನನ್ನ ಕೆಲಸ ಇವರ ಕೈಗೆ ಕೈ ತಾಗಿಸಿಕೊಂಡು ಕೂರುವುದು. ಕೂತಿರುವಾಗಲೇ ಒಳಗೆ ಪ್ರಸಾದದ ಸಪಾದ ತಳ ಹತ್ತುವ ವಾಸನೆ ಬಂದರೆ ಏಳಬಹುದೋ ಏಳಬಾರದೋ ಎಂದು ಪಾಣಿನಿ ಹೇಳಿಲ್ಲ.

ನಮ್ಮ ಜಿಲ್ಲೆಯಲ್ಲೇ, ಶಿಕಾರಿಪುರ ತಾಲೂಕಿನ ಬಂದಳಿಕೆಯಲ್ಲಿ ಒಂದು ಶಾಸನವಿದೆ. ಹತ್ತನೇ ಶತಮಾನದ ಆರಂಭದ್ದು, ರಾಷ್ಟ್ರಕೂಟರ ಕಾಲ. ನಾಗರಖಂಡ-70 ಎಂಬ, ಎಂದರೆ ಎಪ್ಪತ್ತು ಹಳ್ಳಿಗಳ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ಎಂಬವಳಿಗೆ ಆ ಅಧಿಕಾರ ಕೊಟ್ಟರು. ಅವಳು ಅದನ್ನು ಚೆನ್ನಾಗಿ ನಡೆಸಿ, ಕಾಯಿಲೆ ಬಿದ್ದಾಗ ಮಗಳಿಗೆ ವಹಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಮಾಡಿದಳು, ಎಂದರೆ ಜೈನರ ಪದ್ಧತಿಯಂತೆ ಉಪವಾಸವಿದ್ದು ಪ್ರಾಣ ಬಿಟ್ಟಳು. ಮಗಳಿಗೆ, ಗಮನಿಸಿ. ಓದುತ್ತಾ ನನಗೆ ಮೈ ಜುಂ ಎಂದಿತ್ತು. ಆದರೆ ಅದೇ ಶಾಸನದಲ್ಲಿ, ಹೆಂಗಸಾದರೂ ಸೀಮೆಯನ್ನು ಕಾಪಾಡಿದಳು ಎಂಬರ್ಥದ ಮಾತೂ ಇದೆ. ಆ 'ಆದರೂ' ಕಲ್ಲಿನಲ್ಲಿ ಕೂತು ಸಾವಿರದ ನೂರು ವರ್ಷವಾಯಿತು. ಮೊನ್ನೆ ಬೈಕಿನಲ್ಲಿ ನಮ್ಮನೆಗೂ ಬಂತು.

ಈಗ ಸರ್ಕಾರವೇ ಹೆಂಗಸರನ್ನು ಯಜಮಾನಿ ಮಾಡಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ಎರಡು ಸಾವಿರವೂ ಯಜಮಾನಿಯ ಖಾತೆಗೇ. ನಮ್ಮನೆ ಕೆಲಸಕ್ಕೆ ಬರುವ ಅಕ್ಕನಿಗೂ ಬರುತ್ತದೆ. "ಬಂತಾ ಅಕ್ಕಾ ಈ ತಿಂಗಳು?" ಎಂದರೆ, "ಇವ್ರನ್ನ ಕೇಳ್ಬೇಕು, ಮೆಸೇಜು ಅವ್ರ ಫೋನಿಗೇ ಬರೋದು" ಎನ್ನುತ್ತಾಳೆ. ನಮ್ಮ ಕಾರ್ಡಿನಲ್ಲಿ ಅತ್ತೆಯ ಹೆಸರಿದೆ. ಶೀಟಿನವ ಹೋದ ಮೇಲೆ ಆ ಸಿಟ್ಟಿನಲ್ಲಿ ಕಾರ್ಡು ತೆಗೆದು ತೋರಿಸಿದೆ. "ನೋಡಿ ಅತ್ತೆ, ಕಾಗದದ ಪ್ರಕಾರ ಈ ಮನೆಗೆ ನೀವೇ ಯಜಮಾನಿ." ಅತ್ತೆ ಟಿವಿಯ ಶಬ್ದ ಸ್ವಲ್ಪ ಕಡಿಮೆ ಮಾಡಿದರು. "ಹೌದನೇ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ." ಮತ್ತೆ ಜಾಸ್ತಿ ಮಾಡಿದರು.

ಇಷ್ಟೆಲ್ಲ ಹಾರಾಡಿದವಳು ಒಂದು ವಿಷಯ ಮುಚ್ಚಿಡಬಾರದು. ನೀರು ಶುದ್ಧ ಮಾಡುವ ಯಂತ್ರ ಮಾರುವವರು ಬಂದರೆ, ಇನ್ಶೂರೆನ್ಸಿನವರು ಬಂದರೆ, ಯಾವುದೋ ಊರಿನ ಗೋಪುರಕ್ಕೆ ರಸೀದಿ ಪುಸ್ತಕ ಹಿಡಿದು ಬಂದರೆ ನನ್ನ ಬಾಯಿಂದ ಬರುವ ಮೊದಲ ಮಾತು "ಯಜಮಾನ್ರು ಇಲ್ಲ." ಎರಡನೆಯದು "ಅವರನ್ನ ಕೇಳದೆ ನಾನೇನೂ ಹೇಳೋ ಹಾಗಿಲ್ಲ." ಎಷ್ಟು ಮೆತ್ತಗೆ ಹೇಳುತ್ತೇನೆಂದರೆ ಹಿಂದೆ ಕೊಳಲು ಬಾರಿಸಬಹುದು. ಆಗ ಇವರು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಒಮ್ಮೆ ಅಲ್ಲೇ ಸೀನಿದರು. "ಬೆಕ್ಕು" ಎಂದೆ. ರಸೀದಿಯವನು ನಂಬಿದ.

ಶೀಟಿನವ ಹೋಗಿ ನಾಲ್ಕು ದಿನವಾದರೂ ಸುದ್ದಿಯಿಲ್ಲ. ದೇವರ ಮನೆಯಲ್ಲಿ ಬಕೆಟ್ಟು ಇಟ್ಟಾಯಿತು, ಅದು ತುಂಬಿದಾಗ ಚೆಲ್ಲಲು ರಾತ್ರಿ ಎರಡಕ್ಕೆ ಏಳುವುದೂ ಆಯಿತು. ಏಳುವುದು ಯಾರು ಎಂದು ಹೇಳಬೇಕಾಗಿಲ್ಲ ಅಲ್ವಾ. ಐದನೇ ದಿನ ನಾನೇ ಫೋನ್ ಮಾಡಿದೆ.

"ಕೊಟೇಶನ್ ಆವತ್ತೇ ಸರ್‌ಗೆ ವಾಟ್ಸಾಪ್ ಮಾಡಿದೀನಲ್ಲ ಮೇಡಂ. ಸರ್ ಇನ್ನೂ ಏನೂ ಹೇಳಿಲ್ಲ."

ಇವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ಹೂಂ, ಬಂದಿದೆ. ನಿನ್ನ ಕೇಳಿ ಹೇಳ್ತೀನಿ ಅಂದಿದೀನಿ" ಎಂದರು.

ಅದನ್ನೇ ಅವನಿಗೆ ಹೇಳಿದೆ. "ನೋಡಪ್ಪಾ, ಸರ್ ನನ್ನ ಕೇಳಬೇಕಂತೆ. ನಾನು ಒಪ್ಪಿದೀನಿ. ನಾಳೆಯಿಂದ ಕೆಲಸ ಶುರು ಮಾಡಿ."

ಫೋನಿನ ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು.

"ಆಯ್ತು ಮೇಡಂ. ಸರ್ ನಿಮ್ಮನ್ನ ಕೇಳಿದ ಮೇಲೆ ಒಂದು ಫೋನ್ ಮಾಡೋಕೆ ಹೇಳಿ."