'ಡೆಡ್‌ಹೆಡ್' ತಲೆಬುರುಡೆಯಿಂದ ಬಂದ ಪದ ಅಲ್ಲ

'ಗ್ರೇಟ್‌ಫುಲ್ ಡೆಡ್' ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಅಭಿಮಾನಿಗಳಿಗೆ 'ಡೆಡ್‌ಹೆಡ್' ಎಂಬ ಹೆಸರಿದೆ. ಬ್ಯಾಂಡಿನ ತಲೆಬುರುಡೆ ಚಿತ್ರ ನೋಡಿ ಅಭಿಮಾನಿಗಳೇ ಈ ಪದ ಹುಟ್ಟಿಸಿದರು ಎಂಬ ಮಾತು ಓಡಾಡುತ್ತಿದೆ. ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ.

ಬ್ಯಾಂಡ್ ಶುರುವಾಗಿದ್ದು 1965ರಲ್ಲಿ. ಪದ ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು. 19ನೇ ಶತಮಾನದ ಅಮೆರಿಕದಲ್ಲಿ ದುಡ್ಡು ಕೊಡದೆ ನಾಟಕ ನೋಡುವವರನ್ನು, ಪುಕ್ಕಟೆ ಪಾಸಿನಲ್ಲಿ ರೈಲು ಹತ್ತುವವರನ್ನು ಹೀಗೆ ಕರೆಯುತ್ತಿದ್ದರು. ನಮ್ಮ 'ಬಿಟ್ಟಿ ಗಿರಾಕಿ' ಇದ್ದಹಾಗೆ ಅನ್ನಿ. ಇವತ್ತಿಗೂ ವಿಮಾನದ ಸಿಬ್ಬಂದಿ ಆ ವಿಮಾನದಲ್ಲಿ ಕೆಲಸ ಮಾಡದೆ, ಪ್ರಯಾಣಿಕರ ಹಾಗೆ ಸೀಟಿನಲ್ಲಿ ಕೂತು ಇನ್ನೊಂದು ಊರಿನ ಡ್ಯೂಟಿಗೆ ಹೋದರೆ ಅದು 'ಡೆಡ್‌ಹೆಡಿಂಗ್'. ಬಾಡಿದ ಹೂವು ಕತ್ತರಿಸೋದಕ್ಕೂ ತೋಟದವರು ಇದೇ ಮಾತು ಬಳಸುತ್ತಾರೆ.

ಇನ್ನೊಂದು ತಮಾಷೆ ಇದೆ. 1971ರ ಲೈವ್ ಆಲ್ಬಮ್‌ನಲ್ಲಿ ಬ್ಯಾಂಡಿನವರು ಅಭಿಮಾನಿಗಳ ಹೆಸರು, ವಿಳಾಸ ಕೇಳಿದ್ದರು. ಅಲ್ಲಿ ಕರೆದದ್ದು 'ಡೆಡ್‌ಹೆಡ್' ಎಂದಲ್ಲ, 'ಡೆಡ್ ಫ್ರೀಕ್ಸ್' (ಡೆಡ್ ಹುಚ್ಚರು) ಎಂದು! ತಲೆಬುರುಡೆ ಇದ್ದದ್ದೂ ಅದೇ ಆಲ್ಬಮ್ಮಿನ ಮುಖಪುಟದಲ್ಲೇ.

ಬ್ಯಾಂಡಿನ ಹೆಸರಲ್ಲೇ 'ಡೆಡ್' ಇತ್ತಲ್ವಾ, ಹಾಗಾಗಿ ಅಭಿಮಾನಿಗಳಿಗೆ ಈ ಹಳೇ ಪದ ಸಲೀಸಾಗಿ ಹೊಂದಿಕೊಂಡಿತು. ಆದರೆ ಇವರಲ್ಲಿ ಜಾಸ್ತಿ ಜನ ಟಿಕೆಟ್ ಕೊಂಡೇ ಊರೂರು ಸುತ್ತಿದವರು.