ಐಡಿ ಕಾರ್ಡ್ ಯಾವಾಗ ಕೊಡ್ತೀರ ಸರ್?

ಇವತ್ತು ಸಂಜೆ ದಾವಣಗೆರೆ ಜಯದೇವ ಸರ್ಕಲ್ ಹತ್ರ ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ನಿಂತಿದ್ದೆ. ಎದುರಿಗೆ ಟ್ರಾಫಿಕ್ ಪೊಲೀಸ್ರು ಒಂದು ಬೈಕ್ ಹಿಡಿದಿದ್ರು, ಹೆಲ್ಮೆಟ್ ಇಲ್ಲ. ಓಡಿಸ್ತಿದ್ದೋನು "ಸರ್ ನಾವು ಮೀಡಿಯಾದೋರು" ಅಂತ ಮುಂದಿನ ನಂಬರ್ ಪ್ಲೇಟ್ ಮೇಲಿರೋ ಕೆಂಪು ಸ್ಟಿಕ್ಕರ್ ತೋರಿಸ್ತಾ ಇದ್ದ. ಯಾರಪ್ಪ ಈ ದೊಡ್ಡ ಮೀಡಿಯಾ ಅಂತ ಕತ್ತು ಉದ್ದ ಮಾಡಿ ನೋಡಿದ್ರೆ ನಾನು ಸುದ್ದಿ ಬರೆಯೋದು ಕಲಿಸೋ ಕೇಂದ್ರದ್ದೇ ಹುಡುಗ! ಒಟ್ಟು ಮೂರು ಕ್ಲಾಸಿಗೆ ಬಂದಾನೆ, ಅದರಲ್ಲಿ ಒಂದಕ್ಕೆ ಅರ್ಧಕ್ಕೇ ಎದ್ದು ಹೋಗ್ಯಾನೆ, ಇಲ್ಲಿವರೆಗೆ ಬರೆದಿರೋ ಸುದ್ದಿ ಸೊನ್ನೆ. ಸ್ಟಿಕ್ಕರ್ ಮಾತ್ರ ಅಂಗೈ ಅಗಲ.

500 ರೂಪಾಯಿ ದಂಡ ಕಟ್ಟಿದ. ನಾನು ಮಿರ್ಚಿ ಪೊಟ್ಟಣ ಮುಖಕ್ಕೆ ಅಡ್ಡ ಹಿಡ್ಕೊಂಡು ಆ ಕಡೆ ತಿರುಗ್ದೆ, ಎಲ್ಲಿ "ನೋಡಿ ನಮ್ಮ ಎಡಿಟ್ರು ಅಲ್ಲೇ ನಿಂತಾರೆ" ಅಂತಾನೋ ಅಂತ.

ನಾನು ಪ್ರತಿ ಭಾನುವಾರ ಏನು ಮಾಡ್ತೀನಿ ಅಂತ ನಿಮಗೆಲ್ಲ ಗೊತ್ತು. ಓಣಿ ಜನಕ್ಕೆ ಸುದ್ದಿ ಬರೆಯೋದು ಹೇಳಿಕೊಡ್ತೀನಿ, ಅವರು ಬರೆದಿದ್ದನ್ನ ಗೋಡೆ ಮೇಲೆ ಅಂಟಿಸೋ ನಮ್ಮ ಗೋಡೆ ಪತ್ರಿಕೆಗೆ ಹಾಕ್ತೀವಿ. ಮೊದಲನೇ ಕ್ಲಾಸಲ್ಲಿ "ಏನಾದ್ರೂ ಕೇಳೋದಿದ್ಯಾ" ಅಂದ ತಕ್ಷಣ ಹತ್ತು ಕೈ ಮೇಲೆ ಬರ್ತವೆ, ಹತ್ತೂ ಕೈಯಲ್ಲಿ ಒಂದೇ ಪ್ರಶ್ನೆ, ಐಡಿ ಕಾರ್ಡ್ ಯಾವಾಗ ಕೊಡ್ತೀರ ಸರ್. ಮೈಕಿಗೆ ಲೋಗೋ ಹಾಕಿಸ್ತೀರಾ ಸರ್. ಟೋಲಲ್ಲಿ ನಡೀತದಾ ಸರ್. ಯಪ್ಪಾ, ನಿನ್ನ ಓಣಿ ಚರಂಡಿ ಯಾಕೆ ಕಟ್ಟಿಕೊಂಡೈತೆ ಅಂತ ಬರೆಯೋದಕ್ಕೂ ಟೋಲಿಗೂ ಏನು ಸಂಬಂಧ?

ಬರೆದು ತರೋದಾದ್ರೂ ಏನು, ಹುಟ್ಟುಹಬ್ಬದ ಶುಭಾಶಯ. ಯುವ ಮುಖಂಡರು, ಕೊಡುಗೈ ದಾನಿ, ಬಡವರ ಬಂಧು, ಒಬ್ಬರಿಗೇ ಎಂಟು ಬಿರುದು. ಇದು ಸುದ್ದಿ ಅಲ್ಲಪ್ಪ ಅಂದ್ರೆ "ಸರ್ ಅವರು ಕಾರ್ಡ್ ಮಾಡಿಸಿಕೊಡ್ತೀನಿ ಅಂದಾರೆ" ಅಂತಾನೆ. ಸುತ್ತಿ ಬಳಸಿ ಮತ್ತೆ ಕಾರ್ಡಿಗೇ ಬಂತು ನೋಡಿ.

ಈಗ ಇನ್ನೊಬ್ಬರ ಬಗ್ಗೆ ಹೇಳ್ತೀನಿ. ಮಂಡಕ್ಕಿ ಭಟ್ಟಿ ಕಡೆಯಿಂದ ಒಬ್ಬ ಅಕ್ಕ ಬರ್ತಾರೆ. ರಾತ್ರಿ ಎರಡೂವರೆಗೆ ಎದ್ದು ಭಟ್ಟಿ ಕೆಲಸಕ್ಕೆ ಹೋಗೋರು, ಹಂಗಾಗಿ ಅವರ ಓಣಿಗೆ ನಲ್ಲಿ ನೀರು ಎಷ್ಟು ಹೊತ್ತಿಗೆ ಬಂತು ಎಷ್ಟು ಹೊತ್ತಿಗೆ ಹೋಯ್ತು ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಗನ ಐದನೇ ಕ್ಲಾಸಿನ ಹಳೇ ಗಣಿತದ ನೋಟ್‌ಬುಕ್, ಮುಂದಿನ ಹಾಳೆಗಳಲ್ಲಿ ಭಾಗಾಕಾರ, ಹಿಂದಿನಿಂದ ಇವರ ಲೆಕ್ಕ. ತಾರೀಕು, ನೀರು ಬಂದ ಟೈಮು, ನಿಂತ ಟೈಮು, ಎಷ್ಟು ಕೊಡ, ಕೊನೇ ಕಾಲಂನಲ್ಲಿ "ಕೆಂಪು", "ವಾಸನೆ", "ಚಲೋ ಐತೆ". ಹಾಳೆ ತುಂಬಾ ಮಂಡಕ್ಕಿ ಮಸಿಯ ಬೆರಳಚ್ಚು. ನಾಲ್ಕು ತಿಂಗಳು, ಒಂದು ದಿನಾನೂ ಬಿಟ್ಟಿಲ್ಲ. ಮಗಳ ಹೆರಿಗೆ ದಿನ ಸೊಸೆ ಕೈಲಿ ಬರೆಸ್ಯಾರೆ, ಆ ಒಂದು ಸಾಲಿನ ಅಕ್ಷರ ಮಾತ್ರ ಬೇರೆ.

ನಮ್ಮೂರಿಗೆ ನೀರು ಬರೋದು ತುಂಗಭದ್ರಾ ನದಿಯಿಂದ, ಆಮೇಲೆ ಭದ್ರಾ ಕಾಲುವೆ ನೀರು ತುಂಬಿಸಿಕೊಳ್ಳೋ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಿಂದ. ಕಾಲುವೆ ಬಂದ್ ಆದಾಗ ಕೊರತೆ ಆಗೋದು ಸಹಜ ಅಂತ ಎಲ್ಲರೂ ಸುಮ್ನಿರ್ತಾರೆ. ಅಕ್ಕನ ನೋಟ್‌ಬುಕ್ ನೋಡಿದ್ರೆ ಕಾಲುವೆ ತುಂಬಿ ಹರಿಯೋ ವಾರದಲ್ಲೂ ಅವರ ಓಣಿಗೆ ಎಂಟು ದಿನಕ್ಕೊಮ್ಮೆ, ಎರಡು ರಸ್ತೆ ಆಚೆ ಮೂರು ದಿನಕ್ಕೊಮ್ಮೆ. ಆಚೆ ರಸ್ತೇದೂ ಬರೆದಾರೆ, ಅಲ್ಲಿ ಅವರ ತಂಗಿ ಮನೆ ಐತೆ! ಇದನ್ನ ಹಂಗೇ ಗೋಡೆ ಪತ್ರಿಕೆಗೆ ಹಾಕಿದ್ವಿ, ದೊಡ್ಡ ಅಕ್ಷರದಲ್ಲಿ, ಎರಡು ಕಾಲಂ ಪಕ್ಕಪಕ್ಕ. ನಾಲ್ಕನೇ ದಿನಕ್ಕೆ ಸಂಬಂಧಪಟ್ಟೋರು ಒಬ್ರು ಬಂದು ಗೋಡೆದೂ ನೋಟ್‌ಬುಕ್ಕಿಂದೂ ಫೋಟೋ ಹೊಡ್ಕೊಂಡು ಹೋದ್ರು. ಈಗ ಐದು ದಿನಕ್ಕೊಮ್ಮೆ ಬರ್ತಾ ಐತೆ. ಮೂರಾಗಿಲ್ಲ, ಅಕ್ಕ ಇನ್ನೂ ಬರೀತಾನೇ ಅದಾರೆ.

ಈ ಅಕ್ಕ ಇವತ್ತಿನವರೆಗೂ ಕಾರ್ಡ್ ಕೇಳಿಲ್ಲ. ಒಂದ್ಸಲ ಮಾತ್ರ "ಅಣ್ಣಾ, ಪೆನ್ನು ಖಾಲಿ ಆಗೈತೆ" ಅಂದಿದ್ರು.

ಗೋಡೆ ಪತ್ರಿಕೆ ಯಾಕೆ, ಈಗಿನ ಕಾಲದಲ್ಲಿ ರೇಡಿಯೋ ಮಾಡಬಾರದಾ ಅಂತ ಬುದ್ಧಿವಂತರು ಕೇಳ್ತಾರೆ. ಸಮುದಾಯ ರೇಡಿಯೋ, ಅಂದ್ರೆ ಊರಿನ ಜನಕ್ಕೋಸ್ಕರ ನಡೆಸೋ ಸಣ್ಣ ರೇಡಿಯೋ, ಅದರ ಲೈಸೆನ್ಸ್ ಸಂಘಸಂಸ್ಥೆಗಳಿಗೂ ಅಂತ ತೆರೆದಿದ್ದು 2006ರಲ್ಲಿ. ಆದ್ರೆ ಅದರಲ್ಲಿ ಸ್ವಂತ ಸುದ್ದಿ ಹಾಕೋ ಹಂಗಿಲ್ಲ, ಆಕಾಶವಾಣಿ ಸುದ್ದೀನೇ ಇದ್ದಂಗೇ ಹಾಕಬೇಕು. ನೀರು ಕರೆಂಟಿನ ಪ್ರಕಟಣೆ ಓದಬಹುದು, ಅದೂ ಆಡಳಿತದೋರು ಕೊಟ್ಟಿದ್ದು. ಅಂದ್ರೆ "ನಾಳೆ ನೀರು ಬರುತ್ತೆ" ಅಂತ ಅವರು ಹೇಳಿದ್ದನ್ನ ಓದಬಹುದು, "ಬರಲಿಲ್ಲ" ಅಂತ ಅಕ್ಕ ಬರೆದಿದ್ದನ್ನ ಓದೋದು ಕಷ್ಟ. ಗೋಡೆಗೆ ಆ ರಗಳೆ ಇಲ್ಲ. ಮಳೆ ಬಂದ್ರೆ ನೆನೀತದೆ ಅಷ್ಟೇ.

ಹುಡುಗರ ಕಡೆಯಿಂದಾನೂ ಒಂದು ಮಾತು ಐತೆ, ಒಪ್ತೀನಿ. ಕಾರ್ಡಿಲ್ಲ ಅಂದ್ರೆ ಕಚೇರಿಲಿ ಒಳಗೆ ಬಿಡಲ್ಲ, ಕ್ಲರ್ಕ್ ಮುಖ ಎತ್ತಿ ನೋಡಲ್ಲ, "ನೀನ್ಯಾರೋ ಕೇಳೋಕೆ" ಅಂತಾರೆ. ನಿಜ. ಆದ್ರೆ ಹಂಗೆ ಕೇಳಿದೋರಿಗೆ ಉತ್ತರ ಸಂವಿಧಾನದಲ್ಲೇ ಐತಲ್ಲ. 19(1)(ಎ), ಅಂದ್ರೆ ಮಾತಾಡೋ, ಬರೆಯೋ ಸ್ವಾತಂತ್ರ್ಯ, ಇರೋದು ಎಲ್ಲ ನಾಗರಿಕರಿಗೆ, ಪತ್ರಿಕೆಯವರಿಗೆ ಅಂತ ಬೇರೆ ಕಲಂ ಬರೆದಿಲ್ಲ, ಅದು ಬೇಕಾಗಿಲ್ಲ ಅಂತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲೇ ಹೇಳಿದ್ರು. ಇನ್ನು 2005ರ ಮಾಹಿತಿ ಹಕ್ಕು ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು, ಯಾಕೆ ಕೇಳ್ತೀಯ ಅಂತ ಕೇಳೋ ಹಂಗೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಎಲ್ಲರೂ ಇದನ್ನ ಬೈತಾರೆ, ನಾನೂ ಬೈದೀನಿ, ಆದ್ರೆ ನನ್ನ ಕ್ಲಾಸಿಗೆ ಇದಕ್ಕಿಂತ ಒಳ್ಳೇ ಮೇಷ್ಟ್ರಿಲ್ಲ. ಎಂಟು ಬಿರುದು ಬರೆಯೋ ಹುಡುಗನ ಕೈಲಿ 150 ಪದದಲ್ಲಿ ಚರಂಡಿ ಬಗ್ಗೆ ಬರೆಸಿ ನೋಡಿ, ಬೆವರು ಕಿತ್ಕೊಂಡು ಬರ್ತದೆ. ಇದಕ್ಕೆಲ್ಲ ಕಾರ್ಡ್ ಎಲ್ಲಿ ಬೇಕಪ್ಪ?

ಇಷ್ಟು ಕೂಗಾಡಿದ ಮೇಲೆ ಒಂದು ವಿಷಯ ಒಪ್ಕೊಂಡುಬಿಡ್ತೀನಿ, ಹೆಂಗೂ ಹಳೇ ಗೆಳೆಯರು ಯಾರಾದ್ರೂ ಕಾಮೆಂಟಲ್ಲಿ ಹಾಕೇ ಹಾಕ್ತಾರೆ. ದಾವಣಗೆರೆ ಜಿಲ್ಲೆ ಆದ ವರ್ಷ, 1997, ನಾನು ಒಂದು ಸಂಜೆ ಪತ್ರಿಕೆಗೆ ಬಿಡಿ ಸುದ್ದಿ ಬರೆಯೋನು. ಸಂಬಳ ಇಲ್ಲ, ಒಂದು ಸ್ಟಿಕ್ಕರ್ ಕೊಟ್ಟಿದ್ರು. ಲೂನಾ ಮೊಪೆಡ್ಡಿಗೆ ಅಂಟಿಸಿದ್ದೆ. ಹೌದ್ರಿ, ಲೂನಾಕ್ಕೆ! ಒಂದ್ಸಲ ಗ್ಯಾಸ್ ಸಿಲಿಂಡರ್ ಕ್ಯೂನಲ್ಲಿ ಅದನ್ನ ತೋರಿಸಿ ಮುಂದೆ ಹೋಗಿದ್ದೆ. ಹಿಂದೆ ನಿಂತಿದ್ದ ಒಬ್ಬ ಅಜ್ಜ ಏನೂ ಅನ್ನಲಿಲ್ಲ, ಸಿಲಿಂಡರ್ ಎತ್ತಿಡೋಕೆ ಕೈ ಕೊಟ್ಟ. ಆ ಕೈ ನನಗೆ ಇನ್ನೂ ಮರೆತಿಲ್ಲ. ಅವತ್ತು ರಾತ್ರಿ ಕೂತು ಸ್ಟಿಕ್ಕರ್ ಕಿತ್ತೆ, ಜೊತೆಗೆ ಪೇಂಟೂ ಬಂತು.

ಇದನ್ನ ಟೈಪ್ ಮಾಡ್ತಾ ಇರುವಾಗ್ಲೇ ಆ ಹುಡುಗನ ಮೆಸೇಜ್ ಬಂತು. ನಾನು ಮಿರ್ಚಿ ಪೊಟ್ಟಣದ ಹಿಂದೆ ಇದ್ದಿದ್ದು ಕಂಡಿತ್ತಂತೆ. "ಸರ್ ತಪ್ಪಾಯ್ತು, ಸ್ಟಿಕ್ಕರ್ ತೆಗೀತೀನಿ. ಕಿತ್ರೆ ಪೇಂಟ್ ಬರ್ತೈತೆ, ಏನ್ಮಾಡ್ಲಿ?"

ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡು ತಮ್ಮಾ, ಆಮೇಲೆ ಉಗುರಲ್ಲಿ ಮೆಲ್ಲಗೆ ಎಬ್ಬಿಸು ಅಂತ ಕಳಿಸೀನಿ. ಭಾನುವಾರ ಹತ್ತೂವರೆಗೆ ಬಾ, ಬರುವಾಗ ಅಕ್ಕನಿಗೆ ಎರಡು ಪೆನ್ನು ತಗೊಂಡು ಬಾ ಅಂತಾನೂ.